ಗೊತ್ತಿಲ್ಲದ ಪದ, ನುಡಿಗಟ್ಟು ಬಂದಾಗ ಸಂದರ್ಭ ನೋಡಿ ಅರ್ಥ ಹಿಡಿಯೋದನ್ನ ಮಕ್ಕಳಿಗೆ ಹೇಗೆ ಕಲಿಸೋದು?

ತರಗತಿ_ಎಂಟು

ಎಂಟು, ಒಂಬತ್ತನೇ ತರಗತಿಗೆ ಕನ್ನಡ ಗದ್ಯ ಓದಿಸುವವರು ಇಲ್ಲಿದ್ದರೆ ಸಹಾಯ ಬೇಕು. ಮಕ್ಕಳಿಗೆ ಓದಲು ಬರುತ್ತದೆ, ಉಚ್ಚಾರಣೆಯಲ್ಲೂ ತೊಂದರೆ ಇಲ್ಲ. ಆದರೆ ಗೊತ್ತಿಲ್ಲದ ಪದ ಎದುರಾದ ಕೂಡಲೇ ಅಲ್ಲೇ ನಿಲ್ಲುತ್ತಾರೆ. ಇಲ್ಲವೇ ಮೊಬೈಲಿನಲ್ಲಿ ಹುಡುಕಿ ಮೊದಲು ಸಿಕ್ಕ ಅರ್ಥವನ್ನು ಅಂಟಿಸಿಬಿಡುತ್ತಾರೆ. ನುಡಿಗಟ್ಟು ಬಂದರಂತೂ ಪದಕ್ಕೆ ಪದ ಅರ್ಥ ಹೇಳುತ್ತಾರೆ. ಅಭ್ಯಾಸಕ್ಕೆಂದು ಬರೆದ ಒಂದು ಪ್ಯಾರಾ ಇಲ್ಲಿದೆ:

"ಆ ವರ್ಷ ಮುಂಗಾರು ಕೈಕೊಟ್ಟಿತು. ಹಿಂದಿನ ವರ್ಷ ಕೋಡಿ ಬಿದ್ದಿದ್ದ ಕೆರೆಯಲ್ಲಿ ಈಗ ತೂಬಿನ ಮಟ್ಟಕ್ಕೂ ನೀರಿರಲಿಲ್ಲ. ಗೌಡರು ಹಗೇವು ತೆಗೆಸಿ ಎರಡು ಪಲ್ಲ ರಾಗಿ ಹೊರಗೆ ಹಾಕಿಸಿದರು. ಬಾಯಿಗೆ ಮುಚ್ಚಿದ್ದ ಚಪ್ಪಡಿ ಸರಿಸಿದ ಮೇಲೆ ದೀಪ ಇಳಿಬಿಟ್ಟು ನೋಡಿ, ಅದು ಆರಲಿಲ್ಲ ಎಂದು ಖಾತ್ರಿಯಾದ ನಂತರವೇ ಆಳು ಒಳಗಿಳಿದ. ಊರವರು ಗೌಡರನ್ನು ಹೊಗಳಿದರು. ಪಕ್ಕದ ಮನೆಯವರು ಮಾತ್ರ ಒಳಗೊಳಗೇ ಕತ್ತಿ ಮಸೆಯುತ್ತಿದ್ದರು. ಹಳೆಯ ಸ್ನೇಹಕ್ಕೆ ಅವರು ಎಂದೋ ಎಳ್ಳುನೀರು ಬಿಟ್ಟಿದ್ದರು."

ಬಂದ ಉತ್ತರಗಳು: ಕೈಕೊಟ್ಟಿತು ಎಂದರೆ ಸಹಾಯ ಮಾಡಿತು. ಕೋಡಿ ಬಿದ್ದಿದ್ದ ಎಂದರೆ ಕೆರೆಯೊಳಗೆ ಏನೋ ಬಿದ್ದಿತ್ತು. ಹಗೇವು ಎಂದರೆ ಬೀರು. ಎಳ್ಳುನೀರು ಬಿಟ್ಟರು ಎಂದರೆ ಸ್ನೇಹವನ್ನು ನೀರೆರೆದು ಬೆಳೆಸಿದರು.

"ಸಂದರ್ಭ ನೋಡಿ ಊಹಿಸಿ" ಎಂದು ಹೇಳಿದರೆ ಸಾಲುವುದಿಲ್ಲ. ಸಂದರ್ಭದಲ್ಲಿ ಏನನ್ನು, ಎಲ್ಲಿ, ಯಾವ ಕ್ರಮದಲ್ಲಿ ನೋಡಬೇಕು ಅಂತ ಹೇಳಿಕೊಡಬೇಕು. ಅದು ಹೇಗೆ?

ಪದಮೂಲ

ಮೊದಲು ಒಂದು ವಿಷಯ. ಈ ಪಾಠಕ್ಕೆ ನಾವು ಬಳಸುವ ಸೂತ್ರಗಳೆಲ್ಲ ಇಂಗ್ಲಿಷ್ ಓದಿಗೆ ಮಾಡಿದವು. ಅಲ್ಲಿ ಕ್ರಿಯಾಪದ ವಾಕ್ಯದ ನಡುವೆಯೇ ಸಿಗುತ್ತದೆ. ಕನ್ನಡದಲ್ಲಿ ಅದು ಬರುವುದು ಕೊನೆಗೆ. ಹೀಗಾಗಿ ಗೊತ್ತಿಲ್ಲದ ಪದ ವಾಕ್ಯದ ಮೊದಲಿಗೇ ಬಂದರೆ ಅದರ ಸುಳಿವು ಇನ್ನೂ ಮುಂದೆ ಇರುತ್ತದೆ. ಪದ ಕಂಡ ಕಡೆ ನಿಂತ ಮಗು ಸುಳಿವು ಬರುವುದಕ್ಕೆ ಮೊದಲೇ ನಿಂತಿದೆ. ಹಾಗಾಗಿ ಮೊದಲ ನಿಯಮ: ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು ಪೂರ್ಣವಿರಾಮದವರೆಗೆ ಓದು, ಕ್ರಿಯಾಪದ ಹಿಡಿ, ಆಮೇಲೆ ಹಿಂದಕ್ಕೆ ಬಾ.

ಎರಡನೆಯದು, ಗೊತ್ತಿಲ್ಲದ ಪದವನ್ನು ತೆಗೆದು ಆ ಜಾಗಕ್ಕೆ "ಅದು" ಹಾಕಿ ಓದಿಸಿ. ಪದಕ್ಕೆ ಅಂಟಿದ ಪ್ರತ್ಯಯವನ್ನು ಮಾತ್ರ ಬಿಡಬಾರದು. "ಹಗೇವಿನಿಂದ" ಎಂದಿದ್ದರೆ "ಅದರಿಂದ", "ಹಗೇವಿಗೆ" ಎಂದಿದ್ದರೆ "ಅದಕ್ಕೆ". ಅದು ಜಾಗವೋ ವಸ್ತುವೋ ಸಾಧನವೋ ಎಂಬುದನ್ನು ಅರ್ಧಕ್ಕರ್ಧ ಪ್ರತ್ಯಯವೇ ಹೇಳಿಬಿಡುತ್ತದೆ.

ಈಗ ನಿಮ್ಮ ಪ್ಯಾರಾದ ಹಗೇವನ್ನೇ ತೆಗೆದುಕೊಳ್ಳಿ. ಇದು ಬಹಳ ಒಳ್ಳೆಯ ಉದಾಹರಣೆ, ಇಡೀ ಒಂದು ಪಿರಿಯಡ್ ಕೊಟ್ಟರೂ ನಷ್ಟವಿಲ್ಲ.

"ಗೌಡರು ಅದನ್ನು ತೆಗೆಸಿ ಎರಡು ಪಲ್ಲ ರಾಗಿ ಹೊರಗೆ ಹಾಕಿಸಿದರು." ಇಲ್ಲಿ ರಾಗಿ ಹೊರಗೆ ಬಂತು, ಅಂದಮೇಲೆ ಅದು ಒಳಗಿತ್ತು. ಅಲ್ಲಿಗೆ ಇದು ರಾಗಿ ತುಂಬಿಡುವ ಏನೋ ಒಂದು. "ತೆಗೆದು" ಅನ್ನದೆ "ತೆಗೆಸಿ" ಎಂದಿದೆ, "ಹಾಕಿಸಿದರು" ಎಂದಿದೆ. ಬೇರೆಯವರ ಕೈಲಿ ಮಾಡಿಸಬೇಕಾದ, ಆಳು ಬೇಕಾದ ಕೆಲಸ. ಬೀರು ತೆಗೆಯಲು ಆಳು ಬೇಡ. "ಎರಡು" ಮತ್ತು "ರಾಗಿ" ಎರಡರ ನಡುವೆ ಕೂತ ಪದ ಅಳತೆಯದ್ದೇ ಆಗಿರಬೇಕು, ಎರಡು ಸೇರು ಅಕ್ಕಿ, ಎರಡು ಚೀಲ ಗೊಬ್ಬರ ಇದ್ದ ಹಾಗೆ. ಬರಗಾಲದಲ್ಲಿ ಹೊರಗೆ ತೆಗೆಸಿದ್ದಕ್ಕೆ ಊರೇ ಹೊಗಳಿತು ಎಂದರೆ ದೊಡ್ಡ ಅಳತೆ. ಪಲ್ಲ ಎಂದರೆ ನೂರು ಸೇರು. ನೂರು ಎಂಬ ಸಂಖ್ಯೆ ಸಂದರ್ಭದಿಂದ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. "ದೊಡ್ಡ ಅಳತೆ" ಎಂದು ಹಿಡಿದರೆ ಓದು ಮುಂದುವರಿಯುತ್ತದೆ.

ಇಷ್ಟು ಹೊತ್ತಿಗೆ ಮಗುವಿನ ಊಹೆ "ದೊಡ್ಡ ಪೆಟ್ಟಿಗೆ" ಅಥವಾ "ಉಗ್ರಾಣದ ಕೋಣೆ" ಎಂದಿರುತ್ತದೆ. ಅದನ್ನು ತಪ್ಪು ಅನ್ನಬೇಡಿ. ಬರೆದುಕೊಳ್ಳಲಿ. ಮುಂದಿನ ವಾಕ್ಯಕ್ಕೆ ಹೋಗಿ. ಬಾಯಿ ಇದೆ, ಅದಕ್ಕೆ ಚಪ್ಪಡಿ ಮುಚ್ಚಿದೆ. ಕೋಣೆಗೆ ಬಾಗಿಲು ಇರುತ್ತದೆ, ಬಾಯಿ ಇರುವುದು ಬಾವಿಗೆ, ಗುಂಡಿಗೆ, ಕೊಡಕ್ಕೆ. ದೀಪವನ್ನು "ಇಳಿಬಿಟ್ಟರು", ಆಳು "ಒಳಗಿಳಿದ". ಎರಡೂ ಕ್ರಿಯಾಪದ ಕೆಳಮುಖ. ಆಗ ಪೆಟ್ಟಿಗೆ ಅಳಿಸಿ "ನೆಲದೊಳಗಿನ ಗುಂಡಿ" ಎಂದು ಬರೆಯುತ್ತಾರೆ. ದೀಪ ಯಾಕೆ ಎಂದು ಕೇಳಿ. ಬಹಳ ದಿನ ಮುಚ್ಚಿಟ್ಟ ಧಾನ್ಯದ ಗುಂಡಿಯಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ದೀಪ ಆರಿದರೆ ಮನುಷ್ಯನೂ ಉಸಿರುಕಟ್ಟಿ ಸಾಯಬಹುದು. ವಿಜ್ಞಾನ ಪಾಠದಲ್ಲಿ ಇಂಗಾಲದ ಡೈಆಕ್ಸೈಡ್ ಓದಿದ ಮಕ್ಕಳು ಇದನ್ನು ತಾವಾಗಿಯೇ ಹೇಳುತ್ತಾರೆ. ಸಂದರ್ಭ ಅಂದರೆ ಪುಟದ ಮೇಲಿನ ಅಕ್ಷರ ಅಷ್ಟೇ ಅಲ್ಲ, ಓದುವವರಿಗೆ ಮೊದಲೇ ಗೊತ್ತಿರುವುದೂ ಸೇರಿ.

ಮಕ್ಕಳು ಸಾಮಾನ್ಯವಾಗಿ ಎಡವುವುದು ಮೊದಲ ಊಹೆಗೇ ಅಂಟಿಕೊಂಡು. ಅದಕ್ಕೇ ಪೆನ್ನು ಬೇಡ, ಪೆನ್ಸಿಲ್ ಇರಲಿ ಅನ್ನುವುದು. ಒಂದು ಊಹೆ ಬರೆದ ಮೇಲೆ ಇನ್ನೆರಡು ವಾಕ್ಯ ಓದಿ, ಊಹೆಯನ್ನು ಆ ಪದದ ಜಾಗದಲ್ಲಿಟ್ಟು ಮತ್ತೆ ಓದಬೇಕು. ಎಲ್ಲಾದರೂ ತಡೆದರೆ ಬದಲಾಯಿಸಬೇಕು. ನಿಘಂಟು ಇದೆಲ್ಲ ಆದ ಮೇಲೆ.

ಕೋಡಿಗೆ ಸುಳಿವು ವಿರೋಧದಲ್ಲಿದೆ. "ಹಿಂದಿನ ವರ್ಷ" ಒಂದು ಕಡೆ, "ಈಗ" ಇನ್ನೊಂದು ಕಡೆ. ಈಗ "ತೂಬಿನ ಮಟ್ಟಕ್ಕೂ" ನೀರಿಲ್ಲ. ಆ "ಊ"ಕಾರಕ್ಕೆ ಕೈಯಿಟ್ಟು ತೋರಿಸಿ: ಅಷ್ಟು ತಳಕ್ಕೂ ಇಲ್ಲ ಎಂದು ಅದರ ಅರ್ಥ. ತೂಬು ಎಂದರೆ ಗದ್ದೆಗೆ ನೀರು ಬಿಡುವ ಕಂಡಿ, ಏರಿಯ ಬುಡದಲ್ಲಿರುತ್ತದೆ. ಹಾಗಾದರೆ ಹಿಂದಿನ ವರ್ಷ ಇದಕ್ಕೆ ತದ್ವಿರುದ್ಧ, ತುಂಬಿ ಹೆಚ್ಚಾದ ನೀರು ಹೊರಗೆ ಹರಿದಿತ್ತು. "ಕಣ್ಣೀರ ಕೋಡಿ" ಎಂದಾಗ ಏನಾಯಿತು ಎನ್ನುವುದನ್ನು ಇದರ ಬೆನ್ನಿಗೇ ಕೇಳಿಬಿಡಿ. ಕೆರೆ ಅರ್ಥವಾದರೆ ಕಣ್ಣೀರು ತಾನಾಗಿ ಅರ್ಥವಾಗುತ್ತದೆ.

ನುಡಿಗಟ್ಟು_ನೋಟ

ಪದಮೂಲ ಅವರು ಪದಗಳನ್ನು ಚೆನ್ನಾಗಿ ಬಿಡಿಸಿದ್ದಾರೆ, ನಾನು ನುಡಿಗಟ್ಟಿನ ಕಡೆ ಬರುತ್ತೇನೆ. ಅಲ್ಲಿ ತೊಂದರೆ ಬೇರೆ. ಕೈ ಗೊತ್ತು, ಕೊಡು ಗೊತ್ತು. ಗೊತ್ತಿಲ್ಲದ ಪದವೇ ಇಲ್ಲ. ಹಾಗಾಗಿ ಮಗು ನಿಲ್ಲುವುದೇ ಇಲ್ಲ, ತಪ್ಪು ಅರ್ಥ ಇಟ್ಟುಕೊಂಡೇ ಮುಂದೆ ಹೋಗುತ್ತದೆ. ಮೊದಲು "ಇಲ್ಲಿ ಏನೋ ಇದೆ" ಎಂದು ಗುರುತಿಸುವುದನ್ನು ಕಲಿಸಬೇಕು.

ಗುರುತಿಸಲು ಒಳ್ಳೆಯ ದಾರಿ ಕರ್ತೃವನ್ನು ನೋಡುವುದು. ಈ ಕೆಲಸವನ್ನು ಇದು ಮಾಡಲು ಸಾಧ್ಯವೇ? ಮುಂಗಾರಿಗೆ ಕೈ ಇಲ್ಲ. ಬೋರ್‌ವೆಲ್ಲಿಗೆ ಕೈ ಇಲ್ಲ, ಆದರೂ "ಬೋರ್‌ವೆಲ್ ಕೈಕೊಟ್ಟಿತು" ಅನ್ನುತ್ತೇವೆ. ಕರ್ತೃವಿಗೂ ಕ್ರಿಯೆಗೂ ಹೊಂದದೆ ಹೋದ ಕಡೆ ನುಡಿಗಟ್ಟು ಕೂತಿದೆ ಎಂದು ಲೆಕ್ಕ. ಕರ್ತೃ ಮನುಷ್ಯನೇ ಆದರೆ ಈ ಪರೀಕ್ಷೆ ನಡೆಯುವುದಿಲ್ಲ. ಆಗ "ಅನ್ನು" ಸೇರಿಸಿ ನೋಡಿ.

"ಬಾವಿಯಿಂದ ಮೇಲೆತ್ತಲು ಕೈ ಕೊಟ್ಟ." ಇಲ್ಲಿ "ಕೈಯನ್ನು ಕೊಟ್ಟ" ಎಂದರೂ ಅರ್ಥ ಕೆಡುವುದಿಲ್ಲ, "ಬಲಗೈ ಕೊಟ್ಟ" ಎಂದರೂ ಸರಿ. ಇದು ನಿಜವಾದ ಕೈ.

"ಪಾಲುದಾರ ಕೈಕೊಟ್ಟ." ಇಲ್ಲಿ "ಕೈಯನ್ನು ಕೊಟ್ಟ" ಎಂದರೆ ಮಾತು ಹಾಳಾಯಿತು, "ಬಲಗೈ ಕೊಟ್ಟ" ಎಂದರೆ ಇನ್ನೂ ಹಾಳು. ನುಡಿಗಟ್ಟಿನ ನಡುವೆ ಏನನ್ನೂ ತುರುಕಲು ಬರುವುದಿಲ್ಲ. ಮುದ್ರಣದಲ್ಲಿ ಎರಡು ಪದ ಕೂಡಿಸಿ ಒಂದೇ ಪದವಾಗಿ ಬರೆದಿರುವುದೂ ಒಂದು ಸುಳಿವು, ಆದರೆ ಎಲ್ಲ ಲೇಖಕರೂ ಹಾಗೆ ಬರೆಯುವುದಿಲ್ಲ, ಅದನ್ನೇ ನಂಬಬೇಡಿ.

ನುಡಿಗಟ್ಟು ಎಂದು ಗೊತ್ತಾದ ಮೇಲೆ ಅರ್ಥಕ್ಕೆ ಮುಂದಿನ ವಾಕ್ಯದ ಫಲಿತಾಂಶ ನೋಡಬೇಕು. ಮುಂಗಾರು ಕೈಕೊಟ್ಟ ಮೇಲೆ ಏನಾಯಿತು? ಕೆರೆ ಒಣಗಿತು, ರಾಗಿ ಹಂಚಬೇಕಾಯಿತು. ಸಹಾಯ ಮಾಡಿದ್ದರೆ ಹೀಗಾಗುತ್ತಿರಲಿಲ್ಲ. "ಸಹಾಯ" ಎಂದ ಮಗು "ಕೈಹಿಡಿಯಿತು" ಜೊತೆ ಗೊಂದಲ ಮಾಡಿಕೊಂಡಿದೆ. ಈ ಎರಡನ್ನೂ ಒಂದೇ ದಿನ ಪಕ್ಕಪಕ್ಕ ಇಟ್ಟು ತೋರಿಸಿ: "ಟೊಮ್ಯಾಟೊ ಕೈಕೊಟ್ಟರೂ ಹೂವಿನ ಬೆಳೆ ಕೈಹಿಡಿಯಿತು." ಒಂದೇ ವಾಕ್ಯದಲ್ಲಿ "ಕೈಕೊಟ್ಟರೂ" ಎಂಬುದರ "ರೂ" ಎರಡನ್ನೂ ಎದುರುಬದುರು ನಿಲ್ಲಿಸುತ್ತದೆ. ಕೈಹಿಡಿ ಎಂಬುದಕ್ಕೆ ಮದುವೆಯಾಗು ಎಂಬ ಅರ್ಥವೂ ಇದೆ. "ರಸ್ತೆ ದಾಟುವಾಗ ಅವಳ ಕೈ ಹಿಡಿದ", "ಮನೆಯವರ ವಿರೋಧವಿದ್ದರೂ ಅವಳ ಕೈ ಹಿಡಿದ". ಮೂರು ಪದ ಒಂದೇ, ಮುಂದೆ ಇಟ್ಟ ಸನ್ನಿವೇಶ ಬೇರೆ.

ಕತ್ತಿ ಮಸೆಯುವುದಕ್ಕೆ ನಿಮ್ಮ ಪ್ಯಾರಾದಲ್ಲಿ ಎರಡು ಸುಳಿವು ಇವೆ. "ಮಾತ್ರ" ಎಂಬ ಪದ ಪಕ್ಕದ ಮನೆಯವರನ್ನು ಹೊಗಳಿದವರಿಂದ ಬೇರೆ ಮಾಡಿತು, ಅಲ್ಲಿಗೆ ಇವರ ಭಾವ ಹೊಗಳಿಕೆಗೆ ವಿರುದ್ಧ. "ಒಳಗೊಳಗೇ" ಎಂಬುದು ಕಬ್ಬಿಣದ ಕತ್ತಿಯನ್ನು ಮನಸ್ಸಿನೊಳಕ್ಕೆ ಕಳಿಸಿತು.

ಎಳ್ಳುನೀರಿನ ವಿಷಯದಲ್ಲಿ ಮಕ್ಕಳ ತಪ್ಪೇನೂ ಇಲ್ಲ, ಸಂದರ್ಭ ಅರ್ಧ ದಾರಿಯವರೆಗೆ ಮಾತ್ರ ಕರೆದೊಯ್ಯುತ್ತದೆ. ಕತ್ತಿ ಮಸೆಯುವವರು ಸ್ನೇಹ ಬೆಳೆಸಿರಲಾರರು, "ಎಂದೋ" ಎಂದರೆ ಆಗಿಹೋದದ್ದು, ಆದ್ದರಿಂದ ಸ್ನೇಹ ಬಿಟ್ಟರು ಎನ್ನುವವರೆಗೆ ಬರಬಹುದು. ಆದರೆ "ಇನ್ನು ಎಂದೆಂದಿಗೂ ಇಲ್ಲ" ಎಂಬ ತೂಕ ಬರುವುದು ತೀರಿಕೊಂಡವರಿಗೆ ಎಳ್ಳು ಬೆರೆಸಿದ ನೀರು ಬಿಡುವ ಕ್ರಿಯೆ ಗೊತ್ತಿದ್ದರೆ ಮಾತ್ರ. ತಿಲಾಂಜಲಿ ಎಂಬುದೂ ಅದೇ. ಇಂಥ ಕಡೆ ಊಹಿಸಿ ಊಹಿಸಿ ಎಂದು ಕಾಡಬಾರದು, ಹಿನ್ನೆಲೆ ಹೇಳಿಬಿಡಬೇಕು.

ಧಾರವಾಡ_ಓದು

ಮೇಲಿನವರ "ಅನ್ನು" ಪರೀಕ್ಷೆಗೆ ಒಂದು ತಿದ್ದುಪಡಿ. ಎಲ್ಲ ನುಡಿಗಟ್ಟೂ ಬರಿಗೈಯಲ್ಲಿ ಬರುವುದಿಲ್ಲ. "ಕಣ್ಣಿಗೆ ಮಣ್ಣೆರಚು", "ಹೊಟ್ಟೆಗೆ ಹಾಕಿಕೋ" ಇವುಗಳಲ್ಲಿ "ಗೆ" ನುಡಿಗಟ್ಟಿನ ಭಾಗವೇ ಆಗಿದೆ. ಅಲ್ಲದೆ "ಪುಸ್ತಕ ಕೊಟ್ಟ" ಎಂಬ ಸಾದಾ ಮಾತಿನಲ್ಲೂ "ಅನ್ನು" ಇಲ್ಲ. ಆದ್ದರಿಂದ ಪ್ರತ್ಯಯ ಇದೆಯೋ ಇಲ್ಲವೋ ಎನ್ನುವುದಲ್ಲ, ಪ್ರತ್ಯಯ ಬದಲಾಯಿಸಿದರೆ ಅರ್ಥ ಉಳಿಯುತ್ತದೋ ಇಲ್ಲವೋ ಎನ್ನುವುದು ಪರೀಕ್ಷೆ. "ತಪ್ಪಾಗಿದೆ, ಹೊಟ್ಟೆಗೆ ಹಾಕಿಕೊಳ್ಳಿ" ಎಂಬುದನ್ನು "ಹೊಟ್ಟೆಯೊಳಗೆ ಹಾಕಿಕೊಳ್ಳಿ" ಮಾಡಿ ನೋಡಿ, ಕ್ಷಮೆ ಹೋಗಿ ಊಟ ಬರುತ್ತದೆ.

ವಿಭಕ್ತಿಯೇ ಅರ್ಥ ತಿರುಗಿಸುವುದಕ್ಕೆ "ಹುಷಾರು" ಎಂಬ ದಿನಬಳಕೆ ಪದ ಸಾಕು.

"ಅವನಿಗೆ ಹುಷಾರಿಲ್ಲ." ಕಾಯಿಲೆ.
"ಅವನು ಅಷ್ಟು ಹುಷಾರಿಲ್ಲ." ಬುದ್ಧಿ ಸಾಲದು.
"ಹುಷಾರಾಗಿ ಹೋಗು." ಜಾಗ್ರತೆ.
"ಈಗ ಹುಷಾರಾದ." ಗುಣವಾದ.

"ಅವನಿಗೆ" ಮತ್ತು "ಅವನು" ಎಂಬುದರ ನಡುವಿನ ಒಂದು ಪ್ರತ್ಯಯದ ವ್ಯತ್ಯಾಸ ಕಾಯಿಲೆಯನ್ನು ದಡ್ಡತನ ಮಾಡುತ್ತದೆ. ನಿಘಂಟಿನಲ್ಲಿ ಹುಷಾರು ಒಂದೇ ಕಡೆ ಸಿಗುತ್ತದೆ, ಯಾವ ಅರ್ಥ ಆರಿಸಬೇಕು ಎಂದು ಹೇಳುವುದು ವಾಕ್ಯ.

ಪ್ರದೇಶವೂ ಸಂದರ್ಭವೇ. ಕತೆಯ ಸಂಭಾಷಣೆಯಲ್ಲಿ "ಐತಿ", "ಹೋಗೂಣು", "ಯಾಕ್ರೀ" ಕಂಡರೆ ಉತ್ತರ ಕರ್ನಾಟಕದ ಅರ್ಥಗಳಿಗೆ ಕಿವಿ ತೆರೆದಿರಬೇಕು. "ಅವ್ವಗ ಆರಾಮ ಇಲ್ಲ" ಎಂದರೆ ಅಮ್ಮನಿಗೆ ಬಿಡುವಿಲ್ಲ ಅಂತಲ್ಲ, ಕಾಯಿಲೆ ಅಂತ. "ನಿಮ್ಮ ಅಡ್ಡಹೆಸರೇನ್ರಿ?" ಎಂದರೆ ಇಲ್ಲಿ ಮನೆತನದ ಹೆಸರು, ಮೈಸೂರು ಕಡೆಯ ಮಗು ಅದನ್ನು ಗೇಲಿ ಹೆಸರು ಎಂದುಕೊಳ್ಳುತ್ತದೆ. ಪ್ರಶ್ನೆ ಕೇಳುತ್ತಿರುವುದು ಶಾಲೆಯ ದಾಖಲಾತಿ ಮೇಜಿನ ಹಿಂದೆ ಕೂತವರಾದರೆ ಗೇಲಿ ಹೆಸರು ಕೇಳಲಾರರು ಎಂದು ಅಲ್ಲೇ ಹೊಳೆಯಬೇಕು.

ಹಳೆ_ನಿಘಂಟು

ನಿಘಂಟು ಆಮೇಲೆ ಎಂದರೂ ಒಂದಲ್ಲ ಒಂದು ಸಲ ತೆರೆಯಲೇಬೇಕು. ತೆರೆದಾಗ ಪದವೇ ಸಿಗದಿರುವುದು ಕನ್ನಡದ ಮಕ್ಕಳ ದೊಡ್ಡ ಕಷ್ಟ. ಪಠ್ಯದಲ್ಲಿರುವುದು "ತೊಟ್ಟಿಕ್ಕುತ್ತಿದ್ದುದರಿಂದ", ನಿಘಂಟಿನಲ್ಲಿರುವುದು "ತೊಟ್ಟಿಕ್ಕು". ಬಾಲದಿಂದ ಬಿಚ್ಚುತ್ತಾ ಬರಬೇಕು: ಇಂದ, ಅದು, ಇದ್ದ, ಉತ್ತ, ಉಳಿದದ್ದು ತೊಟ್ಟಿಕ್ಕು. ಅದನ್ನೂ ಒಡೆದರೆ ತೊಟ್ಟು, ಇಕ್ಕು. ಹನಿ ಹನಿಯಾಗಿ ಬೀಳುವುದು. "ಹಂಚಿನ ಸಂದಿಯಿಂದ ನೀರು ತೊಟ್ಟಿಕ್ಕುತ್ತಿದ್ದುದರಿಂದ ಅಜ್ಜಿ ಕೆಳಗೆ ತಂಬಿಗೆ ಇಟ್ಟಳು" ಎಂಬಲ್ಲಿ ಪಾತ್ರೆಯೇ ಪ್ರಮಾಣ ಹೇಳುತ್ತದೆ. ಸುರಿಯುತ್ತಿದ್ದರೆ ತಂಬಿಗೆ ಸಾಲದು, ಹಂಡೆ ಇಡಬೇಕಿತ್ತು.

ಭೂತಕಾಲದಲ್ಲಿ ರೂಪ ಬದಲಾಗುವ ಧಾತುಗಳನ್ನು ಗುಂಪು ಮಾಡಿ ಗೋಡೆಗೆ ಹಾಕಿ. ಹೊತ್ತ, ಹೆತ್ತ, ತೆತ್ತ ಇವುಗಳ ಮೂಲ ಹೊರು, ಹೆರು, ತೆರು. ನೊಂದ, ಬೆಂದ, ಮಿಂದ ಇವುಗಳ ಮೂಲ ನೋಯು, ಬೇಯು, ಮೀಯು. "ಬೆಲೆ ತೆತ್ತ" ಎಂಬುದನ್ನು "ತೆತ್ತು" ಎಂದು ಹುಡುಕಿದರೆ ಸಿಗದು. "ಕಾಲ್ಕಿತ್ತ" ಎಂದರೆ ಓಡಿಹೋದ, ಮೂಲ ಕೀಳು. ಕೀಳು ಎಂದು ಹುಡುಕಿದರೆ ಮೊದಲು "ಕೆಳಮಟ್ಟದ" ಎಂಬ ಅರ್ಥವೂ ಎದುರಾಗಬಹುದು. ಬೇಕಾಗಿರುವುದು ಕ್ರಿಯಾಪದ ಎಂದು ಮೊದಲೇ ಗೊತ್ತಿದ್ದರೆ ಅದನ್ನು ದಾಟಿ ಮುಂದೆ ಹೋಗಬಹುದು.

ಸಮಾಸದಲ್ಲಿ ಎರಡನೇ ಪದದ ಮೊದಲಕ್ಷರ ಮೆತ್ತಗಾಗಿರುತ್ತದೆ. ಬೆಟ್ಟದಾವರೆಯೊಳಗೆ ತಾವರೆ ಇದೆ, ಕಂಬನಿಯೊಳಗೆ ಕಣ್ಣೂ ಪನಿಯೂ ಇವೆ. ಪನಿ ಎಂದರೆ ಇಂದಿನ ಹನಿ. ಗ, ದ, ಬ ಕಂಡಲ್ಲಿ ಕ, ತ, ಪ ಇಟ್ಟು ನೋಡುವುದು, ಹಳಗನ್ನಡದ ಪ ಕಂಡಲ್ಲಿ ಹ ಇಟ್ಟು ನೋಡುವುದು: ಈ ಎರಡು ಅಭ್ಯಾಸ ಬಹಳ ದೂರ ಒಯ್ಯುತ್ತವೆ.

ಜೋಡುನುಡಿಯನ್ನೂ ಮರೆಯಬೇಡಿ. ದವಸ ಧಾನ್ಯ, ಸೊಪ್ಪು ಸದೆ, ಕಷ್ಟ ಕಾರ್ಪಣ್ಯ. ಒಂದು ಗೊತ್ತಿದ್ದರೆ ಇನ್ನೊಂದು ಅದರ ಹತ್ತಿರದ್ದೇ. ಆದರೆ "ಪುಸ್ತಕ ಗಿಸ್ತಕ"ದ ಗಿಸ್ತಕಕ್ಕೆ ಅರ್ಥ ಹುಡುಕಬಾರದು. "ಗಿ" ಇಂದ ಶುರುವಾಗಿ ಮೊದಲ ಪದದ ಪ್ರಾಸವನ್ನೇ ಹಿಡಿದಿದ್ದರೆ ಅದು "ಇತ್ಯಾದಿ" ಅಷ್ಟೆ.

ಶಿಕ್ಷಕರ ಮೇಜಿನ ಮೇಲೆ ಇರಬೇಕಾದವು ಎರಡು. ಕಿಟ್ಟೆಲ್ ನಿಘಂಟು 1894ರದು, ಅರ್ಥ ಇಂಗ್ಲಿಷಿನಲ್ಲಿದ್ದರೂ ಗಾದೆ, ನುಡಿಗಟ್ಟುಗಳು ಧಾರಾಳ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪ್ರತಿ ಅರ್ಥದ ಜೊತೆ ಪ್ರಯೋಗಗಳನ್ನು ಕೊಡುತ್ತದೆ. ಬರೀ ಅರ್ಥ ಕೊಡುವ ಮೊಬೈಲ್ ನಿಘಂಟಿಗಿಂತ ಪ್ರಯೋಗ ಕೊಡುವ ನಿಘಂಟು ಈ ಪಾಠಕ್ಕೆ ಹೆಚ್ಚು ಉಪಯೋಗ, ಯಾಕೆಂದರೆ ಮಗು ತನ್ನ ವಾಕ್ಯವನ್ನು ಆ ಪ್ರಯೋಗದ ಪಕ್ಕ ಇಟ್ಟು ಹೋಲಿಸಬಹುದು.

ತರಗತಿ_ಎಂಟು

ಎಲ್ಲರಿಗೂ ಧನ್ಯವಾದ. "ಅದು" ಹಾಕಿ ಓದುವುದು, ಕರ್ತೃ ನೋಡುವುದು ಎರಡನ್ನೂ ನಾಳೆಯಿಂದಲೇ ಶುರು ಮಾಡಬಹುದು. ಇನ್ನೆರಡು ಪ್ರಶ್ನೆ. ಉಪಮೆ ಗುರುತಿಸಲು "ಅಂತೆ, ಹಾಗೆ ಇದ್ದರೆ ಉಪಮೆ" ಎಂದು ಹೇಳಿಕೊಟ್ಟರೆ ಮಕ್ಕಳು "ಅವನು ಊರಿಗೆ ಹೋದನಂತೆ" ಎಂಬುದನ್ನೂ ಉಪಮೆ ಎನ್ನುತ್ತಾರೆ. ಇನ್ನೊಂದು, ವ್ಯಂಗ್ಯ ಹೊಗಳಿಕೆಯನ್ನು ನಿಜವಾದ ಹೊಗಳಿಕೆ ಎಂದುಕೊಳ್ಳುತ್ತಾರೆ. ಇವಕ್ಕೂ ಹಿಡಿತಕ್ಕೆ ಸಿಗುವ ಸುಳಿವು ಇದೆಯೇ?

ಅರ್ಥಾಲಂಕಾರ

"ಅಂತೆ"ಗೆ ಇದೆ, ಬಹಳ ಖಚಿತವಾದದ್ದು. "ಅಂತೆ"ಯ ಹಿಂದೆ ಪೂರ್ಣ ಕ್ರಿಯಾಪದ ಇದ್ದರೆ ಅದು ಕೇಳಿದ ಸುದ್ದಿ: ಹೋದನಂತೆ, ಬಂತಂತೆ, ಬರುತ್ತಾರಂತೆ. ಹಿಂದೆ ಕೃದಂತ, ಅಂದರೆ ವಾಕ್ಯವನ್ನು ಮುಗಿಸದ ಕ್ರಿಯಾರೂಪ, ಇದ್ದರೆ ಸುದ್ದಿಯಲ್ಲ: ಹೋದಂತೆ, ಬಂದಂತೆ. "ಮಳೆ ಬಂತಂತೆ" ಯಾರೋ ಹೇಳಿದ್ದು, "ಮಳೆ ಬಂದಂತೆ ಸದ್ದಾಯಿತು" ಹೋಲಿಕೆ. ಆದರೆ ಕೃದಂತದ ಮುಂದೆ ಬಂದದ್ದೆಲ್ಲ ಹೋಲಿಕೆಯೂ ಅಲ್ಲ. "ಬೇಗ ಬರುವಂತೆ ಹೇಳಿದರು" ಸೂಚನೆ. "ಹೇಳಿದಂತೆ ಮಾಡಿದ" ಪ್ರಕಾರ ಎಂಬ ಅರ್ಥ. ಇವಕ್ಕೆ ಮುಂದಿನ ಕ್ರಿಯಾಪದ ನೋಡಬೇಕು.

ನಾಮಪದದ ಮೇಲೆ ಬಂದಾಗ ಇನ್ನೂ ಸೂಕ್ಷ್ಮ. "ಅವರು ಡಾಕ್ಟರಂತೆ" ಸುದ್ದಿ, "ಡಾಕ್ಟರನಂತೆ ಮಾತಾಡಿದ" ಹೋಲಿಕೆ, ನಡುವೆ "ಡಾಕ್ಟರನ" ಎಂಬ ಷಷ್ಠಿಯ ರೂಪ ಕಾಣಿಸುತ್ತದೆ. "ಹುಲಿಯಂತೆ" ಎಂಬಲ್ಲಿ ಎರಡೂ ಒಂದೇ ರೂಪ. ಆಗ ವಾಕ್ಯ ಅಲ್ಲಿಗೇ ಮುಗಿಯಿತೋ ಮುಂದುವರಿಯಿತೋ ನೋಡಿ. "ತೋಟಕ್ಕೆ ಬಂದದ್ದು ಹುಲಿಯಂತೆ." ಸುದ್ದಿ. "ಹುಲಿಯಂತೆ ಎರಗಿದ." ಉಪಮೆ.

ಉಪಮೆ ಎಂದು ಗೊತ್ತಾದ ಮೇಲೆ ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂಬ ನಾಲ್ಕು ಅಂಗಗಳನ್ನು ಬರೆಸಿ ಬಿಟ್ಟುಬಿಡುವುದು ರೂಢಿ. ಅಂಕ ಬರುತ್ತದೆ, ಅರ್ಥ ಬರುವುದಿಲ್ಲ. ಸಮಾನಧರ್ಮ, ಅಂದರೆ ಎರಡಕ್ಕೂ ಸಮಾನವಾದ ಗುಣ, ಬಿಟ್ಟುಹೋದ ಉಪಮೆಯಲ್ಲಿ ಅದನ್ನು ಮುಂದಿನ ವಾಕ್ಯದಿಂದ ಹುಡುಕಿ ತುಂಬಿಸುವುದೇ ನಿಜವಾದ ಓದು. "ಅಜ್ಜ ಹುಣಸೆಮರದ ಹಾಗಿದ್ದ" ಎಂದಷ್ಟೇ ಕೊಟ್ಟು ಮುಂದಿನ ವಾಕ್ಯ ಬದಲಾಯಿಸಿ. "ಎಷ್ಟು ಬರ ಬಂದರೂ ಬಾಗಲಿಲ್ಲ" ಎಂದರೆ ಗಟ್ಟಿತನ. "ಎಂಬತ್ತಾದರೂ ಮಾತಿನ ಹರಿತ ಹೋಗಿರಲಿಲ್ಲ" ಎಂದರೆ ಮರ ಮುಪ್ಪಾದರೂ ಹುಳಿ ಮುಪ್ಪಾಗದು ಎಂಬ ಗಾದೆಯ ಕಡೆಗೆ ಕೈ ತೋರಿಸುತ್ತಿದೆ. ಮರ ಒಂದೇ, ಯಾವ ಗುಣ ತೆಗೆದುಕೊಳ್ಳಬೇಕು ಎಂದು ಹೇಳಿದ್ದು ಪಕ್ಕದ ವಾಕ್ಯ.

ಮೇಲೆ "ಮುಂಗಾರಿಗೆ ಕೈ ಇಲ್ಲ" ಎಂದು ಹೇಳಿದ್ದು ನಮ್ಮ ಅಲಂಕಾರಶಾಸ್ತ್ರದ ಮುಖ್ಯಾರ್ಥಬಾಧೆಯೇ. ಪದದ ನೇರ ಅರ್ಥಕ್ಕೆ ತಡೆ ಬರಬೇಕು, ಹೊಸ ಅರ್ಥಕ್ಕೂ ನೇರ ಅರ್ಥಕ್ಕೂ ಸಂಬಂಧ ಇರಬೇಕು, ರೂಢಿಯೋ ಪ್ರಯೋಜನವೋ ಒಂದು ಕಾರಣ ಇರಬೇಕು. ಮೂರೂ ಇದ್ದರೆ ಲಕ್ಷಣೆ. ಗಂಗೆಯ ಮೇಲೆ ಹಟ್ಟಿ (ಅಂದರೆ ಗಂಗೆಯ ದಡದಲ್ಲಿ) ಎಂಬ ಹಳೆಯ ಉದಾಹರಣೆಗಿಂತ "ಮೈಸೂರು ಬಂತು, ಇಳಿಯಿರಿ" ಎಂಬ ಬಸ್ಸಿನ ಮಾತು ಮಕ್ಕಳಿಗೆ ಬೇಗ ಹಿಡಿಸುತ್ತದೆ. ಮೈಸೂರು ಎದ್ದು ಬರುವುದಿಲ್ಲ. "ಒಲೆ ಉರಿಯುತ್ತಿದೆ" ಎಂದಾಗ ಉರಿಯುವುದು ಸೌದೆ.

ಹಲವು ಅರ್ಥವಿರುವ ಪದದಲ್ಲಿ ಒಂದನ್ನು ಆರಿಸುವುದಕ್ಕೆ ಸಂಸ್ಕೃತ ವೈಯಾಕರಣ ಭರ್ತೃಹರಿ ತನ್ನ ವಾಕ್ಯಪದೀಯದಲ್ಲಿ ಒಂದು ಪಟ್ಟಿಯನ್ನೇ ಕೊಟ್ಟಿದ್ದಾನೆ: ಸಂಯೋಗ, ವಿಯೋಗ, ಸಾಹಚರ್ಯ, ವಿರೋಧ, ಪ್ರಕರಣ, ಔಚಿತ್ಯ, ದೇಶ, ಕಾಲ ಮುಂತಾ‌ಗಿ. "ಸೈಂಧವ ತಾ" ಎಂದರೆ ಊಟದ ಎಲೆಯ ಮುಂದೆ ಉಪ್ಪು, ಪ್ರಯಾಣಕ್ಕೆ ಹೊರಟಾಗ ಕುದುರೆ. ಅದು ಪ್ರಕರಣ, ಅಂದರೆ ಸನ್ನಿವೇಶ. ಕನ್ನಡದ "ಕರೆ" ಇಟ್ಟುಕೊಂಡು ಇದನ್ನೇ ಮಾಡಿಸಬಹುದು. "ಕರೆದು ಬಂದಳು" ಎಂಬಲ್ಲಿ ಕೈಯಲ್ಲಿ ಚೊಂಬು ಇದ್ದರೆ ಹಸುವಿನ ಹಾಲು ಹಿಂಡಿದ್ದು, ನೆಂಟರ ಪಟ್ಟಿ ಇದ್ದರೆ ನೆಂಟರನ್ನು ಆಹ್ವಾನಿಸಿದ್ದು.

ನುಡಿಗಟ್ಟು_ನೋಟ

ವ್ಯಂಗ್ಯಕ್ಕೆ ಗೌರವ ಪ್ರತ್ಯಯ ನೋಡಿ. ಹೊಗಳಿಕೆಯ ಪದ ಇದೆ, ಆದರೆ ಬಹುವಚನ ಇಲ್ಲ: "ದೊಡ್ಡ ಮನುಷ್ಯ ಬಂದ ನೋಡು." ನಿಜವಾಗಿ ದೊಡ್ಡವರಾಗಿದ್ದರೆ "ದೊಡ್ಡ ಮನುಷ್ಯರು ಬಂದರು" ಎನ್ನುತ್ತಿದ್ದರು. ಇದರ ತಿರುಗುಮುರುಗು ಕೂಡ ಉಂಟು, ಬೇಡದ ಕಡೆ ಬಹುವಚನ. ಹತ್ತು ವರ್ಷದ ಮಗನಿಗೆ ತಾಯಿ "ಸಾಹೇಬರು ಈಗ ಎದ್ದರು" ಎಂದರೆ ಅದು ಗೌರವ ಅಲ್ಲ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಅಂಚಿನಲ್ಲಿ ಬರೆಸಿ, ಮಾತಿನ ಮಟ್ಟ ಹೊಂದುತ್ತದೋ ಇಲ್ಲವೋ ಎಂದು ಕೇಳಿ. ವಾಕ್ಯದ ಕೊನೆಯ "ಬಿಡು", "ನೋಡು" ಕೂಡ ಗಮನಿಸಬೇಕು. "ಒಳ್ಳೆ ಕೆಲಸ ಮಾಡಿದೆ" ಎಂಬುದು ಶಹಭಾಷ್, "ಒಳ್ಳೆ ಕೆಲಸ ಮಾಡಿದೆ ಬಿಡು" ಎಂಬುದು ಬಹುಪಾಲು ಬೈಗುಳ. "ಮಂಗಳಾರತಿ ಎತ್ತಿದರು" ಎಂದಾಗ ದೇವರು, ತಟ್ಟೆ, ಕರ್ಪೂರ ಯಾವುದೂ ಸುತ್ತ ಇಲ್ಲದಿದ್ದರೆ ಅದು ಬೈದದ್ದು.

ಪದಮೂಲ

ಪ್ಯಾರಾ ತಯಾರಿಸುವ ಬಗ್ಗೆ ಒಂದೆರಡು ಲೆಕ್ಕ ಹೇಳುವುದು ಬಿಟ್ಟುಹೋಗಿತ್ತು. ಇಂಗ್ಲಿಷ್ ಓದಿನ ಮೇಲೆ 2000ರಲ್ಲಿ ಹೂ ಮತ್ತು ನೇಷನ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ ಯಾರ ಸಹಾಯವೂ ಇಲ್ಲದೆ ಕತೆ ಅರ್ಥವಾಗಬೇಕಾದರೆ ಸುಮಾರು 98% ಪದ ಗೊತ್ತಿರಬೇಕು, ಅಂದರೆ ನೂರಕ್ಕೆ ಎರಡು ಹೊಸ ಪದ. ಕನ್ನಡದಲ್ಲಿ ಒಂದು ಪದಕ್ಕೆ ನಾಲ್ಕು ಪ್ರತ್ಯಯ ಅಂಟಿರುವುದರಿಂದ ಈ ಲೆಕ್ಕವನ್ನು ಹಾಗೇ ಎತ್ತಿ ತರಲಾಗದು, ಆದರೂ ಅಂದಾಜಿಗೆ ಸಾಕು. ನಿಮ್ಮ ಪ್ಯಾರಾ ಐವತ್ತು ಪದದ ಆಸುಪಾಸಿನದು, ಅದರಲ್ಲಿ ಕೋಡಿ, ತೂಬು, ಹಗೇವು, ಪಲ್ಲ ನಾಲ್ಕು ಹೊಸ ಪದ, ಮೇಲೆ ಮೂರು ನುಡಿಗಟ್ಟು. ಒಂದೊಂದಕ್ಕೂ ಸುಳಿವು ಇದೆ, ನಿಜ. ಆದರೆ ತೂಬು ಗೊತ್ತಿಲ್ಲದಿದ್ದರೆ ಕೋಡಿಯ ಸುಳಿವು ಕೆಲಸ ಮಾಡುವುದಿಲ್ಲ. ಒಂದು ಹೊಸ ಪದದ ಸುಳಿವು ಇನ್ನೊಂದು ಹೊಸ ಪದದ ಮೇಲೆ ನಿಂತಿರಬಾರದು. ತೂಬಿಗೆ ಮೊದಲೇ ಒಂದು ಚಿತ್ರ ಬರೆದು ತೋರಿಸಿ: ಏರಿ, ಬುಡದಲ್ಲಿ ತೂಬು, ಮೇಲೆ ಒಂದು ಪಕ್ಕಕ್ಕೆ ಕೋಡಿಯ ಜಾಗ ಖಾಲಿ. ಓದು ಮುಗಿದ ಮೇಲೆ ಆ ಖಾಲಿ ಜಾಗಕ್ಕೆ ಹೆಸರು ಬರೆಯಲು ಹೇಳಿ.

ಸುಳಿವೇ ಇಲ್ಲದ ವಾಕ್ಯ ಕೊಟ್ಟು ಊಹಿಸಿ ಎನ್ನುವುದೂ ಬೇಡ. "ಅವನು ಉಡಾಫೆಯಿಂದ ಹೇಳಿದ" ಎಂಬಲ್ಲಿ ಕೋಪ, ಪ್ರೀತಿ, ಭಯ ಏನನ್ನು ಇಟ್ಟರೂ ನಡೆಯುತ್ತದೆ. "ಪರೀಕ್ಷೆ ನಾಳೆ ಅಂದರೂ ಪುಸ್ತಕ ಮುಟ್ಟದೆ, 'ನೋಡೋಣ ಬಿಡಿ' ಎಂದು ಉಡಾಫೆಯಿಂದ ಹೇಳಿದ" ಎಂದು ಬರೆದರೆ ದಾರಿ ತೆರೆಯುತ್ತದೆ. ಪ್ಯಾರಾ ಬರೆದ ಮೇಲೆ ಹೊಸ ಪದಗಳನ್ನು ಅಳಿಸಿ, ಜಾಗ ಖಾಲಿ ಬಿಟ್ಟು, ಬೇರೆ ಶಿಕ್ಷಕರಿಗೆ ಕೊಡಿ. ಅವರಿಗೂ ತುಂಬಲಾಗದ ಜಾಗ ಇದ್ದರೆ ಅಲ್ಲಿ ಸುಳಿವು ಇಲ್ಲ ಎಂದರ್ಥ, ಅದನ್ನು ತಿದ್ದಿ ಆಮೇಲೆ ತರಗತಿಗೆ ಒಯ್ಯಿರಿ.